ನಾಲ್ಕು ಫೈಲು, ಒಂದೇ ಹೆಸರು

ರಾಜ್ಯೋತ್ಸವ ಸಂಚಿಕೆಗೆ ಬರಹ ತಗೊಳ್ಳೋಕೆ ಅಂತ ನಾವೇ ಒಂದು ಚಿಕ್ಕ ಎಪಿಐ ಬರೆದಿದ್ವಿ. ನೋಡ್, ಎಕ್ಸ್‌ಪ್ರೆಸ್, ಫೈಲ್ ಅಪ್‌ಲೋಡಿಗೆ ಮಲ್ಟರ್ ಲೈಬ್ರರಿ. ಕಡೇ ದಿನ ಫೋಲ್ಡರ್ ತೆಗೆದ್ರೆ ನಾಲ್ಕು ಜನ ಕಳಿಸಿದ ಕಡೆ ಒಂದೇ ಫೈಲು! ನಾಲ್ವರೂ ‘ಕವನ.ಪಿಡಿಎಫ್’ ಅಂತ್ಲೇ ಹೆಸರಿಟ್ಟಿದ್ರು. ಕೊನೆಗೆ ಬಂದದ್ದು ಮೊದಲಿನ ಮೂರನ್ನೂ ನುಂಗಿತ್ತು. ಅವರಲ್ಲೊಬ್ಬರ ಹತ್ರ ಬೇರೆ ಪ್ರತಿ ಇರಲಿಲ್ಲ. ನೆನಪಿನಿಂದ ಮತ್ತೆ ಬರೆದುಕೊಟ್ರು, ಎರಡು ಸಾಲು ಸಿಗಲೇ ಇಲ್ಲವಂತೆ.

ತಪ್ಪು ಮಲ್ಟರ್‌ದಲ್ಲ. ಅದು ತಾನಾಗಿಯೇ ಪ್ರತಿ ಫೈಲಿಗೂ ಬೇರೆ ಬೇರೆ ಹೆಸರು ಹುಟ್ಟಿಸುತ್ತೆ. ನೋಡೋಕೆ ಚೆನ್ನಾಗಿಲ್ಲ ಅಂತ ಅದನ್ನು ಬದಲಿಸಿದವರು ನಾವು.

ಬ್ರೌಸರ್ ಫೈಲನ್ನು ‘ಮಲ್ಟಿಪಾರ್ಟ್ ಫಾರ್ಮ್ ಡೇಟಾ’ ರೂಪದಲ್ಲಿ ಕಳಿಸುತ್ತದೆ. ಒಂದೇ ರಿಕ್ವೆಸ್ಟಿನಲ್ಲಿ ಹಲವು ಭಾಗ, ನಡುವೆ ‘ಬೌಂಡರಿ’ ಅನ್ನೋ ಗಡಿಗೆರೆ. ಫೆಚ್ ಬಳಸುವಾಗ ಕಂಟೆಂಟ್-ಟೈಪ್ ಹೆಡರನ್ನು ಕೈಯಾರೆ ಬರೀಬೇಡಿ, ಬೌಂಡರಿ ಬಿಟ್ಟುಹೋಗಿ ಸರ್ವರಿಗೆ ಏನೂ ಅರ್ಥ ಆಗಲ್ಲ. ಇದಕ್ಕೇ ನಮ್ಮ ಒಂದು ಸಂಜೆ ಹೋಯ್ತು. ಪ್ರತಿ ಭಾಗದ ಹೆಡರಿನಲ್ಲಿ ಫೈಲಿನ ಹೆಸರು, ಬಗೆ ಇರುತ್ತವೆ. ಆದರೆ ಅವೆರಡನ್ನೂ ಬರೆಯೋದು ಕಳಿಸುವವರ ಕಡೆಯ ಪ್ರೋಗ್ರಾಮ್. ಅದು ಬರೀ ಹೇಳಿಕೆ, ಪುರಾವೆ ಅಲ್ಲ. ಹೆಸರಿನಲ್ಲೇ ಎರಡು ಚುಕ್ಕಿ, ಒಂದು ಓರೆಗೆರೆ ಸೇರಿಸಿ ಕಳಿಸಿದ್ರೆ ಎಚ್ಚರವಿಲ್ಲದ ಕೋಡು ಫೈಲನ್ನು ಮೇಲಿನ ಫೋಲ್ಡರಿನಲ್ಲಿ ಬರೆದುಬಿಡಬಹುದು.

ಈಗ ಡಿಸ್ಕಿನ ಮೇಲಿನ ಹೆಸರು ಯುಯುಐಡಿ. ಮೂಲ ಹೆಸರು ಡೇಟಾಬೇಸಿನಲ್ಲಿ, ತೋರಿಸೋಕೆ ಮಾತ್ರ.

ಅಲ್ಲೂ ಕನ್ನಡಕ್ಕೊಂದು ತೊಡಕು ಕಾದಿತ್ತು. ಯುಟಿಎಫ್-8ರಲ್ಲಿ ‘ಕ’ ಅಂದ್ರೆ ಮೂರು ಬೈಟು. ನಾವು ಬಳಸಿದ ಮಲ್ಟರ್ ಹೆಸರನ್ನು ಲ್ಯಾಟಿನ್-1 ಅಂದ್ಕೊಂಡು ಬೈಟಿಗೊಂದು ಅಕ್ಷರದಂತೆ ಓದುತ್ತಿತ್ತು. ‘ಕವನ’ದ ಮೂರು ಅಕ್ಷರ ಒಂಬತ್ತು ಚಿತ್ರವಿಚಿತ್ರ ಗುರುತುಗಳಾದವು. ಆ ಸ್ಟ್ರಿಂಗನ್ನು ಲ್ಯಾಟಿನ್-1 ಬಫರ್ ಮಾಡಿ, ಯುಟಿಎಫ್-8 ಎಂದು ಮತ್ತೆ ಓದಿಸಿದ್ರೆ ಕನ್ನಡ ವಾಪಸ್ ಬರುತ್ತೆ.

ಬಗೆಯನ್ನು ಫೈಲಿನ ಮೊದಲ ಬೈಟುಗಳಲ್ಲಿ ನೋಡ್ತೀವಿ. ಪಿಡಿಎಫ್ ಆದ್ರೆ ಶೇಕಡಾ ಚಿಹ್ನೆ, ಆಮೇಲೆ ಪಿ, ಡಿ, ಎಫ್. ಜೆಪೆಗ್ ಆದ್ರೆ 255, 216, 255. ಬೇಕಂತಲೇ ಮೋಸ ಮಾಡೋರನ್ನು ಇದು ತಡೆಯಲ್ಲ, ಕೈತಪ್ಪನ್ನು ಹಿಡಿಯುತ್ತೆ ಅಷ್ಟೇ.

ಇನ್ನು ಗಾತ್ರ. ಮಲ್ಟರಿನಲ್ಲಿ 5 ಎಂಬಿ ಮಿತಿ ಇಟ್ಟಿದ್ವಿ. ಆದರೂ ಫೋನಿನಲ್ಲಿ ತೆಗೆದ ಫೋಟೋಗಳಿಗೆಲ್ಲ 413 ಎರರ್, ನಮ್ಮ ಲಾಗ್ ಮಾತ್ರ ಖಾಲಿ. ಮುಂದೆ ನಿಂತಿದ್ದ ಎಂಜಿನ್‌ಎಕ್ಸ್ ಬಾಗಿಲಲ್ಲೇ ವಾಪಸ್ ಕಳಿಸ್ತಿತ್ತು. ಅದರ ಡೀಫಾಲ್ಟ್ ಮಿತಿ 1 ಎಂಬಿ.