ತುಟಿಯ ಮುಂದೊಂದು ಕಾಗದದ ಪಟ್ಟಿ

ತೆಳು ಕಾಗದದ ಪಟ್ಟಿಯೊಂದನ್ನು ತುಟಿಯ ಮುಂದೆ ಇಳಿಬಿಟ್ಟು ‘ಪಿನ್’ ಎನ್ನಿ. ಆಂಗ್ಲರು ಹೇಳಿದರೆ ಅದು ಥಟ್ಟನೆ ಹಾರುತ್ತದೆ. ಕನ್ನಡಿಗರು ಹೇಳಿದರೆ ಬಹುಮಟ್ಟಿಗೆ ಅಲುಗದು. ಇಂಗ್ಲಿಷ್ ಪದಗಳ ಮೊದಲಲ್ಲಿ ಪ, ಟ, ಕ ವ್ಯಂಜನಗಳು ನಮ್ಮ ಮಹಾಪ್ರಾಣಗಳಂತೆ ಉಸಿರಿನೊಡನೆ ಹೊರಡುವುದೇ ಇದಕ್ಕೆ ಕಾರಣ. ಆ ಉಸಿರಿಲ್ಲದ ‘ಪಿಲ್’ ಅವರ ಕಿವಿಗೆ ‘ಬಿಲ್’ ಆಗಿಬಿಡಬಹುದು. ಗುಳಿಗೆ ಕೇಳಿದವರ ಕೈಗೆ ಲೆಕ್ಕದ ಚೀಟಿ!

ಅಭ್ಯಾಸ ಸುಲಭ. ತುಟಿಗಳನ್ನು ಪೂರ್ತಿ ಮುಚ್ಚಿ, ‘ಫಲ’ದ ಮಹಾಪ್ರಾಣದಂತೆ ಉಸಿರು ಬಿಟ್ಟು, ಕಾಗದ ಅಲುಗುವವರೆಗೆ ಹೇಳಿ. ಕೆಳತುಟಿಗೆ ಹಲ್ಲು ತಾಗಿತೋ, ‘ಪಿನ್’ ಹೋಗಿ ‘ಫಿನ್’, ಎಂದರೆ ಮೀನಿನ ಈಜುರೆಕ್ಕೆ ಆದೀತು! ‘ಸ್ಪಿನ್’ನಲ್ಲಿ ಸಕಾರದ ನಂತರ ಬರುವ ಪಕಾರಕ್ಕೆ ಆಂಗ್ಲರೂ ಉಸಿರು ಕೊಡುವುದಿಲ್ಲ, ಅಲ್ಲಿ ನಮ್ಮ ಪಕಾರವೇ ಸರಿ. ಬೇಕಾದ ಎರಡೂ ಧ್ವನಿಗಳು ನಮ್ಮ ವರ್ಣಮಾಲೆಯಲ್ಲೇ ಇವೆ. ಎಲ್ಲಿಗೆ ಯಾವುದೆಂದು ತಿಳಿದರಾಯಿತು.