ಭೀಮೇಶ್ವರಿಯ ಇರುಳು

ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಸಂಜೆ ಬಲು ಬೇಗ ಇಳಿಯುತ್ತದೆ. ಸೂರ್ಯ ಗುಡ್ಡದ ಹಿಂದೆ ಸರಿದದ್ದೇ ತಡ, ಕಾವೇರಿಯ ನೀರಿಗೆ ಮೊದಲು ತಾಮ್ರದ ಬಣ್ಣ, ಆಮೇಲೆ ಸೀಸದ ಬಣ್ಣ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಮೊಸಳೆ ಸದ್ದಿಲ್ಲದೆ ನೀರಿಗಿಳಿಯುತ್ತದೆ. ದಡದ ಹೊಳೆಮತ್ತಿ ಮರಗಳು ಬುಡದಿಂದ ಮೇಲಕ್ಕೆ ಕಪ್ಪಾಗುತ್ತಾ ಹೋಗಿ, ತುದಿಯ ಎಲೆಗಳಲ್ಲಷ್ಟೇ ಕೊಂಚ ಬೆಳಕು ಉಳಿಯುತ್ತದೆ. ಈ ಕಾಡಿನ ಹೆಮ್ಮೆಯಾದ ಬೂದುಬಣ್ಣದ ದೊಡ್ಡ ಅಳಿಲು ಅಷ್ಟರಲ್ಲಿ ಗೂಡು ಸೇರಿರುತ್ತದೆ.

ಡೇರೆಗಳ ನಡುವೆ ಬೆಂಕಿ ಹೊತ್ತಿಕೊಳ್ಳುತ್ತದೆ. ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನ ಹಾದಿ ಹಿಡಿದು ಬಂದವರು, ಹಗಲೆಲ್ಲ ಹರಿಗೋಲಿನಲ್ಲಿ ಸುತ್ತಿ, ಗುಡ್ಡ ಹತ್ತಿ ಕಾಲು ಸೋತವರು, ಸುತ್ತ ಕೂತಿದ್ದಾರೆ. ಮಾತು ತಾನಾಗಿಯೇ ತಗ್ಗುತ್ತದೆ. ಎಂಟೂವರೆಗೆಲ್ಲ ಆಕಳಿಕೆ. "ಮನೇಲಿ ಹನ್ನೆರಡಾದ್ರೂ ಕಣ್ಣು ಮುಚ್ಚಲ್ಲ, ಇಲ್ಲೇನಿದು!" ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ.

ಅದು ಬರೀ ದಣಿವಲ್ಲ. 2013ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. 8 ಜನ ರಾಕಿ ಪರ್ವತಗಳಲ್ಲಿ ಒಂದು ವಾರ ಡೇರೆಯಲ್ಲಿದ್ದರು. ಟಾರ್ಚ್ ಇಲ್ಲ, ಫೋನ್ ಇಲ್ಲ. ಹಗಲಿಗೆ ಸೂರ್ಯ, ಇರುಳಿಗೆ ಬೆಂಕಿ. ವಾರ ಕಳೆಯುವಷ್ಟರಲ್ಲಿ ಅವರ ಮೈಯ ಗಡಿಯಾರ ಸುಮಾರು 2 ಗಂಟೆ ಬೇಗ ನಡೆಯತೊಡಗಿತ್ತು. ನಿದ್ದೆಗೆ ಮೈಯನ್ನು ಅಣಿಗೊಳಿಸುವ ಮೆಲಟೋನಿನ್ ಸೂರ್ಯಾಸ್ತದ ಹೊತ್ತಿಗೇ ಏರುತ್ತಿತ್ತು, ಎಚ್ಚರಾಗುವ ಮೊದಲೇ ಇಳಿಯುತ್ತಿತ್ತು. ತಡವಾಗಿ ಮಲಗುವ ರೂಢಿಯವರಲ್ಲೇ ಈ ಬದಲಾವಣೆ ಹೆಚ್ಚು. ಕೋಣೆಯೊಳಗಿನ ನಮ್ಮ ಹಗಲು ತೀರಾ ಮಂಕು, ರಾತ್ರಿ ತೀರಾ ಬೆಳಕು. ಬಯಲಿಗೆ ಬಂದರೆ ಎರಡೂ ಸರಿಹೋಗುತ್ತವೆ.

ಬೆಂಕಿ ಕೆಂಡವಾಗುತ್ತದೆ. ಆಗ ಹೊಳೆಯ ಸದ್ದು ಹತ್ತಿರ ಬರುತ್ತದೆ, ದೂರದಲ್ಲಿ ಜಿಂಕೆಯೊಂದು ಕೂಗುತ್ತದೆ, ತಲೆಯ ಮೇಲೆ ನಕ್ಷತ್ರಗಳು ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಡೇರೆಯ ಬಟ್ಟೆಯಾಚೆ ಗಾಳಿ ಆಡುವುದು ಕೇಳುತ್ತಲೇ ನಿದ್ದೆ ಹತ್ತುತ್ತದೆ.

ಇಂಥ ಇರುಳನ್ನೇ ಕೆಲವು ಶಿಬಿರಗಳು ಝಗಮಗಿಸುವ ದೀಪ ಹಾಕಿ, ಡಿಜೆ ಹಚ್ಚಿ ಹಾಳುಮಾಡುತ್ತಿವೆ. ಕಾಡಿನ ಜೀವಿಗಳಿಗೂ ಹಿಂಸೆ, ದುಡ್ಡು ಕೊಟ್ಟು ನೆಮ್ಮದಿ ಹುಡುಕಿ ಬಂದವರಿಗೂ ನಷ್ಟ. ಮುಂದಿನ ಸಲ ಡೇರೆ ಕಾಯ್ದಿರಿಸುವಾಗ ಊಟಕ್ಕೆ ಏನೇನಿದೆ ಎಂದು ವಿಚಾರಿಸುವ ಮೊದಲು, ರಾತ್ರಿ ದೀಪ ಆರಿಸುತ್ತೀರಾ, ಸ್ಪೀಕರ್ ಹಾಕುತ್ತೀರಾ ಎಂದು ಕೇಳಿ. ಉತ್ತರ ಸರಿಯೆನಿಸದಿದ್ದರೆ ಬೇರೆ ಕಡೆ ಹೋಗಿ.