ತೊಗಲುಗೊಂಬೆಗೆ ಹೊಸ ಪರದೆ

ಮೇಕೆಯ ತೊಗಲನ್ನು ನೆನೆಹಾಕಿ, ಕೂದಲು ಕೊಬ್ಬು ಎಲ್ಲ ಹೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸಿದರೆ ಅದು ಎಣ್ಣೆ ಕುಡಿದ ಕಾಗದದ ಹಾಗೆ ಆಗುತ್ತದೆ. ಬೆಳಕಿಗೆ ಹಿಡಿದರೆ ಹಿಂದೆ ಇಟ್ಟ ಬೆರಳು ಮಸುಕಾಗಿ ಕಾಣುತ್ತದೆ. ಆಮೇಲೆ ಅದರ ಮೇಲೆ ಗೆರೆ ಎಳೆದು, ಸಣ್ಣ ಉಳಿಗಳಿಂದ ತೂತು ಹೊಡೆಯುವ ಕೆಲಸ. ಸರದ ಮಣಿಗೆ ದುಂಡನೆಯ ತೂತು, ಕಿರೀಟದ ಎಸಳಿಗೆ ಉದ್ದನೆಯದು, ಸೀರೆಯ ಅಂಚಿಗೆ ಚುಕ್ಕಿಯ ಸಾಲು. ಒಂದು ಏಟು ಜಾಸ್ತಿ ಬಿದ್ದರೆ ಸೀತೆಯ ಮೂಗುತಿ ಹರಿದು ಕೆನ್ನೆಗೆ ಬರುತ್ತದೆ. ಕೆಂಪು, ಕಪ್ಪು, ಹಸಿರು ಬಣ್ಣ ಕೊಟ್ಟು, ನಡುವೆ ಸೀಳಿದ ಬಿದಿರ ಕಡ್ಡಿ ಕಟ್ಟಿದರೆ ಗೊಂಬೆ ಸಿದ್ಧ. ಹಗಲಲ್ಲಿ ಕೈಯಲ್ಲಿ ಹಿಡಿದು ನೋಡಿದವರಿಗೆ ಇದೇನು, ಮಂಕಾದ ಚರ್ಮದ ತುಂಡು ಅನ್ನಿಸಬಹುದು. ಬಿಳಿ ಪರದೆಗೆ ಒತ್ತಿ ಹಿಂದೆ ದೀಪ ಹಚ್ಚಿದಾಗ ಅದೇ ತುಂಡು ರಾವಣನಾಗುತ್ತದೆ.

ಸಿಂಧನೂರಿನಿಂದ ಗಂಗಾವತಿ ದಾಟಿ ಹೋದರೆ ಸಿಗುವ ಕೊಪ್ಪಳ ತಾಲ್ಲೂಕಿನ ಮೋರನಾಳ ಈ ವಿದ್ಯೆಯ ಊರು. ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತಾರು. ಹದಿಹರೆಯದಲ್ಲಿ ಗೊಂಬೆ ಹಿಡಿದವರು ಏಳು ದಶಕ ಆಡಿಸಿದರು. ಅಮೆರಿಕ, ಫ್ರಾನ್ಸ್, ಇಟಲಿ, ಇರಾನಿನಲ್ಲೂ ರಾಮಾಯಣ ಮಹಾಭಾರತ ತೋರಿಸಿ ಬಂದರು. ಪ್ರಶಸ್ತಿಯ ಸುದ್ದಿ ಓದಿದ ನಮ್ಮ ಸಿಂಧನೂರು ಕಡೆಯ ಬಹಳ ಮಂದಿಗೆ ಈ ಅಜ್ಜಿ ನಮ್ಮ ಪಕ್ಕದ ಜಿಲ್ಲೆಯವರು ಎಂಬುದೇ ಹೊಸ ಸುದ್ದಿಯಾಗಿತ್ತು.

ಗೊಂಬೆ ಆಡಿಸುವ ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದ ಮನೆಮಾತು ಮರಾಠಿಯ ಒಂದು ಬಗೆ. ಪರದೆಯ ಹಿಂದೆ ಮಾತ್ರ ಅಚ್ಚ ಕನ್ನಡ. ಊರೂರು ತಿರುಗುವಾಗ ಕೆರೆ ಹೊಳೆಗಳಲ್ಲಿ ಮೀನು ಹಿಡಿಯುವುದು ಇವರ ಇನ್ನೊಂದು ಕಸುಬು. ಮಳೆ ಹೋದ ವರ್ಷ ಊರಿನವರು ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು. ಗೊಂಬೆ ಆಡಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಗಣಪತಿ, ಸರಸ್ವತಿ ಬಂದು ಹೋದ ಮೇಲೆ ಪರದೆಗೆ ನುಗ್ಗುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ನಗಿಸುವ ಗೊಂಬೆಗಳು. ಇವರ ಪೋಲಿ ಮಾತಿಗೆ ಇಡೀ ಊರು ನಗಬೇಕು, ಆಮೇಲೆ ತಾನೇ ರಾಮಾಯಣ. ದೇವರು, ರಾಜರ ಗೊಂಬೆ ದೊಡ್ಡವು, ಸಾಮಾನ್ಯರ ಗೊಂಬೆ ಚಿಕ್ಕವು. ಆದರೆ ಜನ ಕಾಯುತ್ತಿದ್ದುದು ಚಿಕ್ಕ ಗೊಂಬೆಗೇ!

ಇಷ್ಟು ಪರಿಚಯ ಹೇಳಿ 'ಕಲೆ ಅಳಿಯುತ್ತಿದೆ, ಉಳಿಸಬೇಕು' ಎಂದು ಮುಗಿಸುವುದು ರೂಢಿ. ನನಗೆ ಹೇಳಬೇಕಾದದ್ದು ಬೇರೆ. ತೊಗಲುಗೊಂಬೆ ಹಳೆಯ ಕಲೆ ಹೌದು, ಆದರೆ ಇವತ್ತು ಸರ್ಕಾರ ಯಾವ ಉದ್ಯಮಕ್ಕೆ ನೀತಿ ಮಾಡಿ, ಸಬ್ಸಿಡಿ ಕೊಟ್ಟು ಬೆಳೆಸುತ್ತಿದೆಯೋ ಆ ಅನಿಮೇಷನ್ನಿನ ವಿದ್ಯೆ ಗೊಂಬೆ ಆಡಿಸುವವರ ಕೈಯಲ್ಲಿ ಮೊದಲಿನಿಂದ ಇದೆ. ಅವರನ್ನು ಆ ಉದ್ಯಮದ ಒಳಗೆ ಕರೆಯಬೇಕು, ಪಾಲುದಾರರಾಗಿ.

1926ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ಕಾಗದದಲ್ಲಿ ಆಕೃತಿ ಕತ್ತರಿಸಿ, ಕೈಕಾಲುಗಳಿಗೆ ಕೀಲು ಕೊಟ್ಟು, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಒಂದೊಂದೇ ಚೂರು ಸರಿಸಿ ರಾಜಕುಮಾರ ಅಹ್ಮದನ ಸಾಹಸದ ಚಿತ್ರ ಮಾಡಿದಳು. ಉಳಿದಿರುವ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಅವಳ ಆಕೃತಿಗಳು ಬರೀ ಕಪ್ಪು. ನಮ್ಮವರ ಗೊಂಬೆಗೆ ಬಣ್ಣವೂ ಇತ್ತು, ಹಿಂದೆ ಹಾರ್ಮೋನಿಯಂ, ಮದ್ದಳೆ, ತಾಳವೂ ಇತ್ತು. ಇಲ್ಲದ್ದು ಕ್ಯಾಮೆರಾ ಒಂದೇ.

ಕರ್ನಾಟಕ 2012ರಲ್ಲೇ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕೆ ನೀತಿ ತಂದಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನ ಮೂರನೆಯ ನೀತಿ. ಕೇಂದ್ರವೂ 2022ರ ಬಜೆಟ್ಟಿನಲ್ಲಿ ಈ ಉದ್ಯಮಕ್ಕೆ ಕಾರ್ಯಪಡೆ ಘೋಷಿಸಿತು. 2025ರ ಜುಲೈನಲ್ಲಿ ನಮ್ಮ ಹೊಂಬಾಳೆ ಚಿತ್ರಸಂಸ್ಥೆ ಅರ್ಪಿಸಿದ ಅನಿಮೇಷನ್ ಚಿತ್ರ 'ಮಹಾವತಾರ ನರಸಿಂಹ' ಬಂದಾಗ, ಅನಿಮೇಷನ್ ಮಕ್ಕಳ ಆಟಿಕೆ ಎನ್ನುತ್ತಿದ್ದ ಚಿತ್ರಮಂದಿರದವರು ಹೆಚ್ಚುವರಿ ಆಟ ಹಾಕಿದರು. ಕಥೆ ಪ್ರಹ್ಲಾದನದು, ಗೊಂಬೆ ಮೇಳದವರಿಗೆ ಬಾಯಿಪಾಠ ಆಗಿರುವಂಥದ್ದು. ಆದರೆ ಬೆಂಗಳೂರಿನ ಸ್ಟುಡಿಯೊಗಳು ಬಹುಕಾಲ ಮಾಡುತ್ತ ಬಂದದ್ದು ಹೊರದೇಶದವರ ಕೂಲಿ ಕೆಲಸ. ಕಥೆ ಅವರದು, ಮುಖ ಅವರದು, ಗಂಟೆಯ ಲೆಕ್ಕದ ದುಡಿಮೆ ನಮ್ಮದು. ನಮ್ಮದೇ ಮುಖ ಬೇಕೆಂದರೆ ಕೊಪ್ಪಳ, ಬಳ್ಳಾರಿ ಕಡೆ ತಿರುಗಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದರೂ ಆದೀತು. ಎಂ.ಎಸ್. ನಂಜುಂಡರಾವ್ ಅವರು ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ ತೊಗಲುಗೊಂಬೆಗಳ ದೊಡ್ಡ ಸಂಗ್ರಹ ಅಲ್ಲಿದೆ.

ಗೊಂಬೆಯನ್ನು ಡಿಜಿಟಲ್ ಮಾಡುವುದೆಂದರೆ ಸ್ಕ್ಯಾನರಿನಲ್ಲಿ ಇಟ್ಟು ಗುಂಡಿ ಒತ್ತುವುದು ಎಂದುಕೊಂಡವರು ಅಲ್ಲೇ ಎಡವುತ್ತಾರೆ. ಸಾಮಾನ್ಯ ಸ್ಕ್ಯಾನರು ವಸ್ತುವಿನ ಮೇಲೆ ಬಿದ್ದು ತಿರುಗಿದ ಬೆಳಕನ್ನು ಹಿಡಿಯುತ್ತದೆ. ತೊಗಲುಗೊಂಬೆಯ ಬಣ್ಣ ಇರುವುದು ತನ್ನ ಮೂಲಕ ಹಾದುಬಂದ ಬೆಳಕಿನಲ್ಲಿ. ಹಾಗಾಗಿ ಬೆಳಕಿನ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಹಿಂದಿನಿಂದ ಸಮನಾಗಿ ಬೆಳಕು ಬಿಟ್ಟು ಫೋಟೊ ತೆಗೆಯಬೇಕು. ಆಮೇಲೆ ತಲೆ, ತೋಳು, ಸೊಂಟ ಬೇರೆ ಬೇರೆ ಪದರವಾಗಿ ಕತ್ತರಿಸಿ, ದಾರದ ಗಂಟು ಇದ್ದ ಕಡೆ ಕೀಲು ಕೊಡಬೇಕು. ಈ ಕೆಲಸಕ್ಕೆ ಬ್ಲೆಂಡರ್‌ನಂಥ ಉಚಿತ ತಂತ್ರಾಂಶ ಸಾಕು. ಆದರೆ ಕರ್ನಾಟಕದ ಗೊಂಬೆಗಳಲ್ಲಿ ಬಹಳಷ್ಟಕ್ಕೆ ಕೀಲೇ ಇಲ್ಲ. ರಥ, ಕುದುರೆ, ಸಾರಥಿ ಎಲ್ಲ ಒಂದೇ ತೊಗಲಿನಲ್ಲಿ ಕೊರೆದಿರುತ್ತಾರೆ. ಅಲುಗದ ಈ ಚಿತ್ರ ಓಡುತ್ತಿರುವಂತೆ ಕಾಣುವುದು ಹೇಗೆ? ಆಡಿಸುವವರು ಅದನ್ನು ಪರದೆಯಿಂದ ಅರ್ಧ ಗೇಣು ಹಿಂದೆ ಎಳೆಯುತ್ತಾರೆ, ನೆರಳು ಹಿಗ್ಗಿ ಕದಡುತ್ತದೆ. ಮತ್ತೆ ತಟ್ಟನೆ ಒತ್ತುತ್ತಾರೆ, ರಥ ಬಂದು ನಿಂತಿತು! ಈ ಎಳೆತ ಒತ್ತುಗಳ ಲೆಕ್ಕ ಯಾವ ಸ್ಕ್ಯಾನಿನಲ್ಲೂ ಇರುವುದಿಲ್ಲ. ಅದು ಇರುವುದು ಮಣಿಕಟ್ಟಿನಲ್ಲಿ. ಆ ಕೈಗಳ ಚಲನೆಯನ್ನು ಪರದೆಯ ಹಿಂದಿನಿಂದ ಕ್ಯಾಮೆರಾದಲ್ಲಿ ಹಿಡಿದಿಡುವುದೇ ಮೊದಲ ಕೆಲಸ. ಇಲ್ಲಿಯವರೆಗೆ ತೆಗೆದ ವಿಡಿಯೊಗಳಲ್ಲಿ ಬಹಳಷ್ಟು ಪ್ರೇಕ್ಷಕರ ಕಡೆಯಿಂದ ತೆಗೆದವೇ ಇರಬೇಕು.

ಇನ್ನು ಕೃತಕ ಬುದ್ಧಿಮತ್ತೆ. 'ತೊಗಲುಗೊಂಬೆ ಶೈಲಿಯಲ್ಲಿ ಹನುಮಂತ' ಎಂದು ಕೇಳಿದರೆ ಕ್ಷಣದಲ್ಲಿ ಚಿತ್ರ ಬರುತ್ತದೆ. ನೋಡಲು ಚೆಂದ. ಹತ್ತಿರ ಹೋದರೆ ಇಂಡೋನೇಷ್ಯಾದ ವಯಾಂಗ್ ಗೊಂಬೆಯ ಸಪೂರ ತೋಳು, ಆಂಧ್ರದ ಬಣ್ಣ, ಎಲ್ಲಿಯದೋ ಕಿರೀಟ. ನಮ್ಮ ಗೊಂಬೆಗಳ ಚಿತ್ರ ಅಂತರ್ಜಾಲದಲ್ಲಿ ಕಡಿಮೆ ಇದ್ದರೆ ಯಂತ್ರ ಬೇರೆಯವರದನ್ನೇ ನಮ್ಮದೆಂದು ಕೊಡುತ್ತದೆ. ಇದಕ್ಕೆ ಬೈದು ಪ್ರಯೋಜನವಿಲ್ಲ, ಸರಿಯಾದ ಸಾಮಗ್ರಿ ನಾವೇ ಒದಗಿಸಬೇಕು, ಆದರೆ ಪುಕ್ಕಟೆ ಅಲ್ಲ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ವಾಕ್ಯಗಳನ್ನು ಓದಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿದವರಿಗೆ ಗಂಟೆಗೆ ನಾಲ್ಕು ನೂರು ರೂಪಾಯಿಯ ಆಸುಪಾಸು ಕೊಟ್ಟಿದೆ. ಅದೇ ಧ್ವನಿ ಮತ್ತೊಬ್ಬರಿಗೆ ಮಾರಾಟವಾದರೆ ಅದರಲ್ಲೂ ಪಾಲು ಎಂಬುದು ಅವರ ಪದ್ಧತಿ. ಗೊಂಬೆ ಮೇಳಗಳಿಗೂ ಇದೇ ಒಪ್ಪಂದ ಏಕೆ ಆಗಬಾರದು?

ಗೊಂಬೆಯಾಟ ಚಿತ್ರವಾದರೆ ಅದಕ್ಕೆ ದನಿ ಕೊಡುವವರೂ ಬೇಕು. ಸಿಂಧನೂರಿನ ಪುನರ್ವಸತಿ ಕ್ಯಾಂಪಿನ, ಅಂದರೆ ಆರ್.ಎಚ್. ಕ್ಯಾಂಪಿನ ಮಾತು ಇಲ್ಲಿ ಬರುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟು ಅರ್ಧ ಶತಮಾನ ಕಳೆಯಿತು. ತುಂಗಭದ್ರಾ ನೀರಿನ ಭತ್ತದ ಗದ್ದೆಗಳ ನಡುವೆ ನಂಬರು ಹಚ್ಚಿದ ಕ್ಯಾಂಪುಗಳು, ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ದಸರೆಗೆ ದುರ್ಗಾಪೂಜೆ. 2024ರಲ್ಲಿ ಇಲ್ಲಿನ ಕೆಲವರಿಗೆ ಪೌರತ್ವ ಸಿಕ್ಕಿತು. ಇಲ್ಲಿ ಹುಟ್ಟಿದ ಮಕ್ಕಳಿಗೆ ಎರಡೂ ಭಾಷೆ ಹೊಕ್ಕುಳ ಬಳ್ಳಿಯಿಂದಲೇ ಬಂದಿದೆ. ಡಬ್ಬಿಂಗ್, ಉಪಶೀರ್ಷಿಕೆ, ಅನುವಾದ ಬೆಳೆಯುತ್ತಿರುವ ಈ ಕಾಲದಲ್ಲಿ ಬಂಗಾಳಿ ಚಿತ್ರಕ್ಕೆ ಕನ್ನಡ ದನಿ, ಕನ್ನಡ ಸರಣಿಗೆ ಬಂಗಾಳಿ ದನಿ ಕೊಡಬಲ್ಲವರನ್ನು ಕೋಲ್ಕತ್ತದಲ್ಲೋ ಬೆಂಗಳೂರಿನಲ್ಲೋ ಹುಡುಕುತ್ತಾರೆ. ಸಿಂಧನೂರು ಬಸ್ ನಿಲ್ದಾಣದಲ್ಲಿ ಇಳಿದರೆ ಬೇಕಾದಷ್ಟು ಮಂದಿ ಸಿಗುತ್ತಾರೆ ಎಂದು ಅವರಿಗೆ ಹೇಳಿದವರು ಯಾರು? ಬಂಗಾಳದಲ್ಲೂ ಚಿತ್ರದ ಸುರುಳಿ ಬಿಚ್ಚುತ್ತ ಹಾಡಿ ಕಥೆ ಹೇಳುವ ಪಟುವಾಗಳ ಪರಂಪರೆ ಇದೆ. ಮನೆಮಾತು ಬೇರೆ, ಬದುಕಿನ ಮಾತು ಕನ್ನಡ ಎನ್ನುವುದರಲ್ಲಿ ಕ್ಯಾಂಪಿನವರಿಗೂ ಮೋರನಾಳದವರಿಗೂ ನೆಂಟಸ್ತಿಕೆ ಇದೆ. ಗೊಂಬೆ ಮೇಳದ ಆಟವನ್ನು ಎರಡು ಭಾಷೆಯಲ್ಲಿ ಕಿರುಚಿತ್ರ ಮಾಡುವ ಒಂದು ಸಣ್ಣ ತಂಡ ಇಲ್ಲಿಯೇ ಕಟ್ಟಬಹುದು. ಬೇಕಾದದ್ದು ಒಂದು ಒಳ್ಳೆಯ ಮೈಕು, ಒಂದು ಕಂಪ್ಯೂಟರು, ಕರೆಂಟು ಹೋಗದ ನಾಲ್ಕು ತಾಸು. ಮೂರನೆಯದೇ ಕಷ್ಟ.

ಕಾನೂನಿನ ಮಾತೂ ತಿಳಿದಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರಿಗೂ ಹಕ್ಕಿದೆ. 2012ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು. ನಟ, ಗಾಯಕ, ದೊಂಬರಾಟದವರು, ಹಾವಾಡಿಗರು ಎಂದೆಲ್ಲ ಕಾಯ್ದೆ ಹೆಸರು ಹಿಡಿದು ಹೇಳುತ್ತದೆ. ಗೊಂಬೆ ಆಡಿಸುವವರ ಹೆಸರಿಲ್ಲ, ಆದರೆ 'ಪ್ರದರ್ಶನ ಮಾಡುವ ಇತರ ಯಾರೇ ಆಗಲಿ' ಎಂಬ ಮಾತಿನಲ್ಲಿ ಅವರೂ ಬರುತ್ತಾರೆ. ಅಂದರೆ ಒಪ್ಪಿಗೆ ಇಲ್ಲದೆ ಅವರ ಆಟ ಚಿತ್ರೀಕರಿಸಿ ಮಾರುವಂತಿಲ್ಲ. ಆಂಧ್ರದವರು ತಮ್ಮ ತೊಗಲುಗೊಂಬೆಗೆ 2008ರಲ್ಲೇ ಭೌಗೋಳಿಕ ಗುರುತು ಪಡೆದರು. ಅಲ್ಲಿನ ನಿಮ್ಮಲಕುಂಟ ಗ್ರಾಮದವರು ಅದೇ ತೊಗಲಿನ ಲ್ಯಾಂಪ್‌ಶೇಡ್ ಮಾಡಿ ದೇಶವೆಲ್ಲ ಮಾರುತ್ತಿದ್ದಾರೆ. ಹೊಟ್ಟೆಪಾಡಿಗೆ ಅದು ಒಳ್ಳೆಯದೇ. ಆದರೆ ಲ್ಯಾಂಪ್‌ಶೇಡು ಮಾತಾಡುವುದಿಲ್ಲ, ಬಂಗಾರಕ್ಕನ ಹಾಗೆ ಊರ ಗೌಡರನ್ನು ಗೇಲಿ ಮಾಡುವುದಿಲ್ಲ. ಕಲೆಯ ಅರ್ಧ ಜೀವ ಆ ಮಾತಿನಲ್ಲಿತ್ತು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ರಂಗಭೂಮಿಯಿಂದ ಬಂದ ಅವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನು, ಗಾಂಧೀಜಿಯನ್ನು ತೊಗಲಿಗೆ ತಂದರು. 2023ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಹೊಸ ಕಥೆಗೆ ಹಳೆಯ ಪರದೆ ಒಗ್ಗುತ್ತದೆ ಎಂದು ಅವರು ತೋರಿಸಿಯಾಗಿದೆ. ಹಳೆಯ ಕೈಗೆ ಹೊಸ ಪರದೆ ಒಗ್ಗಿಸುವ ಕೆಲಸ ಬಾಕಿ ಇದೆ.

ಆದ್ದರಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಜಾತ್ರಾ ಕಮಿಟಿಯವರಲ್ಲಿ, ಕ್ಯಾಂಪಿನ ಪೂಜಾ ಮಂಡಳಿಗಳಲ್ಲಿ ಒಂದು ಕೋರಿಕೆ. ಈ ಸಲ ಆರ್ಕೆಸ್ಟ್ರಾದ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು ಕೊಪ್ಪಳದ ಒಂದು ಗೊಂಬೆ ಮೇಳ ಕರೆಸಿ. ಸಂಭಾವನೆ ಮೊದಲೇ ಮಾತಾಡಿ, ಚಿತ್ರೀಕರಣಕ್ಕೆ ಬೇರೆ ಹಣ ಕೊಡಿ. ಒಂದು ಮೊಬೈಲು ಪರದೆಯ ಮುಂದೆ ಇರಲಿ, ಇನ್ನೊಂದು ಅವರ ಒಪ್ಪಿಗೆ ಪಡೆದು ಪರದೆಯ ಹಿಂದೆ ಇರಲಿ. ವಿಡಿಯೊ ಹಾಕುವಾಗ ಮೇಳದ ಹೆಸರು, ಊರು, ಆಡಿಸಿದವರ ಹೆಸರು ತಪ್ಪದೆ ಬರೆಯಿರಿ.